ಎಡಗಡೆಯ ಕೈತುತ್ತು

ಅಂಜುಲೊನ ಕಣ್ಣಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಹಾಗೇ ಹೇಳಿದರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ, ಎಡಗಡೆಯದನ್ನು ನೋಡುವ ಮಿದುಳಿನ ಭಾಗ ಸತ್ತುಹೋಗಿತ್ತು. ಎರಡು ಕಣ್ಣೂ ತೆರೆದೇ ಇದ್ದವು. ಆದರೆ ಎಡಗಡೆಯ ಅರ್ಧ ಲೋಕ ಇಲ್ಲ. ಕತ್ತಲೆಯೂ ಅಲ್ಲ, ಇಲ್ಲವೇ ಇಲ್ಲ.

"ಅದು ವಾಪಸ್ ಬರಲ್ಲ. ಕತ್ತು ತಿರುಗಿಸಿ ನೋಡೋದು ಕಲ್ತ್ಕೊಳ್ಳಿ," ಎಂದರು ಡಾಕ್ಟರು.

ನಾನು ಸೊರ್ಸ. ಆಡಿಸ್ ಅಬಾಬಾದಲ್ಲಿ ಅಂಜುಲೊನ ಮಗ್ಗ, ನನ್ನ ಮಗ್ಗ ಇಪ್ಪತ್ತು ವರ್ಷದಿಂದ ಒಂದೇ ತಗಡಿನ ಸೂರಿನಡಿ ಇವೆ. ಇಬ್ಬರೂ ದೋರ್ಜೆ ಬೆಟ್ಟದ ಒಂದೇ ಊರಿನವರು. ನಮ್ಮಲ್ಲಿ ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ.

ಕಾಯಿಲೆಯಿಂದ ಎದ್ದವನು ಮೊದಲ ದಿನ ಮಗ್ಗದ ಗುಣಿಯಲ್ಲಿ ಕಾಲಿಳಿಸಿ ಕೂತ. ಬಲಗೈಯಿಂದ ಲಾಳಿ ಎಸೆದ. ಎಡಗೈ ಹಿಡಿಯಲಿಲ್ಲ. ಲಾಳಿ ನೆಲಕ್ಕೆ ಬಿತ್ತು. ಎಷ್ಟು ಸಲ ಬಿತ್ತೋ. ಸಂಜೆ ನೋಡಿದರೆ ಬಟ್ಟೆಯ ಬಲ ಅಂಚು ನೆಟ್ಟಗಿತ್ತು, ಎಡ ಅಂಚು ನಾಯಿ ಕಚ್ಚಿದ ಹಾಗಿತ್ತು.

ಅವನ ಹೆಂಡತಿ ಬೆಲೆಟು ಎಡಗಡೆಯ ಕಂಬಕ್ಕೆ ಒಂದು ಕೆಂಪು ನೂಲು ಕಟ್ಟಿದಳು.

"ಈ ಕೆಂಪು ಕಾಣೋವರ್ಗೂ ಲಾಳಿ ಎಸೀಬೇಡ. ಕೋಳಿ ನೋಡಿಲ್ವಾ? ಕಾಳು ಹೆಕ್ಕೋಕ್ಮುಂಚೆ ಎರಡೂ ಕಡೆ ಕತ್ತು ತಿರುಗಿಸತ್ತೆ."

"ಹಂಗಾದ್ರೆ ನಾನು ನಿನ್ನ ಕೋಳಿ."

"ಮೊಟ್ಟೆ ಇಡು, ಮಾರ್ಕೊಂಡು ಬರ್ತೀನಿ."

ಒಂದೊಂದು ಎಳೆಗೂ ಕತ್ತು ತಿರುಗಿಸಬೇಕು. ರಾತ್ರಿ ಕತ್ತು ಕಲ್ಲಾಗುತ್ತಿತ್ತು. ಬೆಲೆಟು ಬೆಣ್ಣೆ ಹಚ್ಚಿ ಉಜ್ಜುತ್ತಿದ್ದಳು. ಎಂಟು ತಿಂಗಳು ಹೀಗೇ ಹೋಯಿತು. ಮೊದಲು ಐದು ದಿನಕ್ಕೆ ಮುಗಿಯುತ್ತಿದ್ದ ಶಾಲಿಗೆ ಇಪ್ಪತ್ತು ದಿನ ಹಿಡಿಯಿತು. ಆದರೆ ಆ ಶಾಲಿನ ಎರಡು ಅಂಚೂ ನೆಟ್ಟಗಿದ್ದವು. ಅದು ಅಂಜುಲೊ ತನ್ನ ಅಣ್ಣ ಮೋಲನಿಗೆಂದು ನೇಯ್ದದ್ದು.

ಮೋಲ ಊರಲ್ಲೇ ಇದ್ದು ಹೊಲ ನೋಡಿಕೊಳ್ಳುವವನು. ಬೆಟ್ಟದ ಒಂದು ತುಂಡು ನೆಲಕ್ಕಾಗಿ ಅಣ್ಣತಮ್ಮಂದಿರ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಮೆಸ್ಕೆಲ್ ಹಬ್ಬಕ್ಕೆ ಜಗಳ ಇಟ್ಟುಕೊಂಡು ಯಾರೂ ಊಟಕ್ಕೆ ಕೂರಬಾರದು. ಈ ಸಲ ಹಿರಿಯರು ಇಬ್ಬರನ್ನೂ ರಾಜಿಗೆ ಒಪ್ಪಿಸಿದ್ದರು.

ಊರಿಗೆ ಹೋಗುವ ಬಸ್ಸಿನಲ್ಲಿ ಅಂಜುಲೊ ನನ್ನ ಕೈ ಹಿಡಿದ. "ಅಣ್ಣಂಗೆ ಕಾಯಿಲೆ ವಿಷ್ಯ ಹೇಳಬೇಡ."

"ಯಾಕೋ?"

"ನೆಲದ ವಿಷ್ಯದಲ್ಲಿ ಅನ್ಯಾಯ ಮಾಡಿದ್ದಕ್ಕೇ ದೋಷ ತಟ್ಟಿದೆ ಅಂತಾನೆ. ತಪ್ಪು ನಂದೇ ಅಂತ ಊರೆಲ್ಲ ನಂಬತ್ತೆ. ಮೊದ್ಲು ರಾಜಿ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ. ನೀನು ನನ್ನ ಎಡಗಡೆ ಕೂತ್ಕೊ. ಆ ಕಡೆಯಿಂದ ಏನಾದ್ರೂ ಬಂದ್ರೆ ಮೊಣಕಾಲಲ್ಲಿ ತಿವಿ."

"ಎತ್ತಿಗೆ ತಿವಿದಂಗೆ ತಿವೀತೀನಿ, ಬಿಡು," ಎಂದೆ.

ಹಬ್ಬದ ಮಧ್ಯಾಹ್ನ ಹಿರಿಯರು ಹರಸಿದರು. ಅಂಜುಲೊ ಕೊಟ್ಟ ಶಾಲನ್ನು ಮೋಲ ಬಿಚ್ಚಿ ಎರಡೂ ಅಂಚಿನ ಮೇಲೆ ಬೆರಳಾಡಿಸಿದ. "ಕೈ ಇನ್ನೂ ಚೆನ್ನಾಗಿದೆ ಕಣೋ," ಎಂದ. ಒಂಬತ್ತು ವರ್ಷದಲ್ಲಿ ಅದೇ ಮೊದಲ ಮಾತು. ಶಾಲು ಹೊದ್ದು ಕೈ ತೊಳೆಯಲು ಹೋದ.

ತಟ್ಟೆಯ ಸುತ್ತ ಕೂತೆವು. ನಾನು ಅಂಜುಲೊನ ಎಡಗಡೆ ಕೂತೆ. ಮೋಲ ಬಂದು ನನ್ನ ಹತ್ತಿರ ನಿಂತ. ದೊಡ್ಡವರು ನಿಂತಿರುವಾಗ ನಾವು ಹೇಗೆ ಕೂರುವುದು? ಯೋಚಿಸಲೇ ಇಲ್ಲ, ಎದ್ದುಬಿಟ್ಟೆ. "ಅಣ್ಣಾ, ಇಲ್ಲಿ ಬನ್ನಿ." ಅವನು ನನ್ನ ಜಾಗದಲ್ಲಿ ಕೂತ. ನಾನು ಎದುರಿಗೆ ಹೋದೆ.

ಮೋಲ ರೊಟ್ಟಿ ಮುರಿದ. ಮಾಂಸ ಸುತ್ತಿದ. ಬೆಣ್ಣೆಯಲ್ಲಿ, ಖಾರದಲ್ಲಿ ಅದ್ದಿ ತಮ್ಮನ ಬಾಯಿಯ ಹತ್ತಿರ ಹಿಡಿದ. ಈ ಕೈತುತ್ತು ನುಂಗಿದರೆ ಜಗಳ ಮುಗಿದಂತೆ. ಬೇಡವೆಂದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು.

ಅಂಜುಲೊ ಬಲಗಡೆಯ ಮುದುಕನ ಜೊತೆ ಏನೋ ಹೇಳಿ ನಗುತ್ತಿದ್ದ. ಮೋಲನ ಕೈ ಗಾಳಿಯಲ್ಲಿತ್ತು. ಬೆಣ್ಣೆ ಮಣಿಕಟ್ಟಿಗೆ ಇಳಿಯಿತು.

"ಅಂಜುಲೊ!" ಎಂದೆ.

ಅವನು ನನ್ನ ಕಡೆ ನೋಡಿದ. "ಏನೋ?"

ಮೋಲ ತುತ್ತನ್ನು ತಟ್ಟೆಗೆ ಹಾಕಿ ಎದ್ದ. ಶಾಲು ತೆಗೆದು ತಮ್ಮನ ಮಡಿಲಿಗೆ ಎಸೆದ.

"ಅಣ್ಣಾ, ಅವನಿಗೆ ಆ ಕಡೆ ಕಾಣಲ್ಲ! ಕಾಯಿಲೆ!" ಎಂದೆ. ಆಸ್ಪತ್ರೆಯದ್ದೆಲ್ಲ ಹೇಳಿದೆ.

ಮೋಲ ಬಗ್ಗಿ ಶಾಲಿನ ಎಡ ಅಂಚು ಎತ್ತಿ ಹಿಡಿದ. "ಇದನ್ನ ನೇಯ್ದೋನಿಗೆ ಗೇಣು ದೂರದಲ್ಲಿದ್ದ ನನ್ ಕೈ ಕಾಣ್ಲಿಲ್ವಾ? ನೀವು ನೇಕಾರ್ರು ಕಣ್ರಪ್ಪಾ, ಸುಳ್ಳೂ ಚೆನ್ನಾಗೇ ನೇಯ್ತೀರಿ."

ಹೊರಟುಹೋದ.

"ಅಣ್ಣಾ!" ಎನ್ನುತ್ತ ಅಂಜುಲೊ ಓಡಿದ. ಮೋಲ ಬಾಗಿಲಿಂದ ಎಡಕ್ಕೆ ತಿರುಗಿದ್ದ. ಇವನು ಗಾಬರಿಯಲ್ಲಿ ಕತ್ತು ತಿರುಗಿಸುವುದನ್ನೇ ಮರೆತು ಬಲಕ್ಕೆ ಓಡಿದ. ಬಿದಿರು ಬೇಲಿಯ ಹತ್ತಿರ ಹಿಡಿದುಕೊಂಡೆ.

"ಎಲ್ಲೋ? ಎಲ್ಲಿ ಹೋದ?"

ಅವನ ಗಲ್ಲ ಹಿಡಿದು ಕತ್ತನ್ನು ಎಡಕ್ಕೆ ತಿರುಗಿಸಿದೆ.

ಹಿರಿಯರು ಎರಡು ಸಲ ಹೇಳಿ ಕಳಿಸಿದರು. ಮೋಲ ಬರಲಿಲ್ಲ. ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಜ್ವರ ಬಂದು ಸತ್ತ. ಅಂಜುಲೊ ಶಾಲು ಹಿಡಿದುಕೊಂಡು ಮಣ್ಣಿಗೆ ಹೋದ. ಹೆಣಕ್ಕೆ ಹೊದಿಸುತ್ತೇನೆಂದ. ಅತ್ತಿಗೆ ಅಡ್ಡ ನಿಂತಳು. "ಬದುಕಿದ್ದಾಗ್ಲೇ ಅವರು ವಾಪಸ್ ಕೊಟ್ಟಾಯ್ತು. ಇಟ್ಕೊ."

ಈಗ ಆ ಶಾಲು ಮಗ್ಗದ ಬಲಗಡೆಯ ಮೊಳೆಯಲ್ಲಿದೆ. ಕೆಂಪು ನೂಲು ಮಾಸಿದಾಗಲೆಲ್ಲ ಬೆಲೆಟು ಬೇರೆ ಕಟ್ಟುತ್ತಾಳೆ. ಅಂಜುಲೊ ನೇಯುತ್ತಾನೆ. ಊಟಕ್ಕೆ ಕೂತರೆ ಮೊದಲ ತುತ್ತಿಗೆ ಮುಂಚೆ ಕತ್ತು ಎಡಕ್ಕೆ ತಿರುಗಿಸಿ ಸ್ವಲ್ಪ ಹೊತ್ತು ಹಾಗೇ ಇರುತ್ತಾನೆ.

ಅಲ್ಲಿ ನಾನು ಕೂತಿರುತ್ತೇನೆ. ಈಗ ಯಾವ ದೊಡ್ಡವರು ಬಂದರೂ ಏಳುವುದಿಲ್ಲ. ಸೊರ್ಸನಿಗೆ ಮರ್ಯಾದೆ ಗೊತ್ತಿಲ್ಲ ಎನ್ನುತ್ತಾರೆ. ಅನ್ನಲಿ.