ಅಕ್ಕನ ಫೋನಿಗೆ ಕಟ್ಟಿದ ಅಂಚು

ಸಾಫ್ಟ್‌ವೇರಿನಲ್ಲಿ ನನ್ನ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಯಾರೋ ಮಾಡಿಟ್ಟ ಆ್ಯಪಿನ ಬಟನ್ನುಗಳಿಗೆ ಬಣ್ಣ ಬಳಿಯುವುದು, ಮೂಲೆ ದುಂಡಗೆ ಮಾಡುವುದು, ಅಕ್ಷರ ದಪ್ಪ ಮಾಡುವುದು. ರೋಣದ ಮನೆಯಲ್ಲಿ ಕೂತು ಇಷ್ಟಕ್ಕೇ ಚಿಂತೆ ಮಾಡಿ ತಲೆಗೂದಲು ಕಳೆದುಕೊಂಡವನು ನಾನೊಬ್ಬನೇ ಇರಬೇಕು.

ಗಜೇಂದ್ರಗಡದ ನನ್ನ ಅಕ್ಕ ವರ್ಷಗಟ್ಟಲೆ ಮಗ್ಗದಲ್ಲಿ ಸೀರೆ ನೇಯ್ದವಳು. ಅವಳ ಕಣ್ಣು ಮಂಜಾಗತೊಡಗಿದಾಗ ಫೋನಿಗೆ ನಾನೇ ಒಂದು ಆ್ಯಪ್ ಮಾಡಿಕೊಟ್ಟೆ. ನಾಲ್ಕೇ ದೊಡ್ಡ ಬಟನ್ನು: ನಾನು, ಅವಳ ಮಗಳು, ದವಾಖಾನೆ, ಪಕ್ಕದ ಮನೆ. ಒತ್ತಿದರೆ ಕರೆ ಹೋಗುತ್ತದೆ. ಅವಳಿಗೆ ಅವು ಕಾಣಬೇಕು, ಅಷ್ಟೇ ನನ್ನ ಚಿಂತೆ.

ಮೊದಲ ಸಲವೇ ಮೂಗು ಮುರಿದಳು. "ಇದೇನೋ ತಮ್ಮಾ, ಬರೇ ಒಡಲ ಐತಿ! ಅಂಚಿಲ್ಲದ ಸೀರಿ ಯಾರರ ಉಡ್ತಾರೇನು?"

ಬಟನ್ನಿಗೆ ಅಂಚು ಕಟ್ಟಿದೆ. ತೆಳುವಾಯಿತೆಂದಳು, ದಪ್ಪ ಮಾಡಿದೆ. ದಾಳಿಂಬೆ ಕೆಂಪು ಕೇಳಿದಳು, ಕೊಟ್ಟೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಹೊಸ ಬಣ್ಣ ಹಾಕಿ ಬರುತ್ತಿದ್ದೆ. "ಭಾಳ ಚಲೋ ಕಾಣತೈತಿ" ಅನ್ನುತ್ತಿದ್ದಳು. ಅವಳ ಕಣ್ಣನ್ನು ಹಿಡಿದು ನಿಲ್ಲಿಸಿದವನೇ ನಾನೆಂಬಂತೆ ಬೀಗುತ್ತಿದ್ದೆ.

ಕಳೆದ ತಿಂಗಳು ನವಿಲು ಬಣ್ಣ ಬೇಕೆಂದಳು. ಹಾಕಿ ಕೈಗಿಟ್ಟೆ. ಮುಖದ ಹತ್ತಿರ ಹಿಡಿದು, "ಖರೇ ನವಿಲ ಬಣ್ಣ ನೋಡು! ನನ್ನ ಮದ್ವಿ ಸೀರಿ ಹಂಗ ಐತಿ" ಎಂದಳು.

ಬಗ್ಗಿ ನೋಡಿದೆ. ನಾಲ್ಕೂ ಬಟನ್ನು ಹೋದ ಸಲದ ಕೆಂಪಿನಲ್ಲೇ ಇದ್ದವು. ನನ್ನ ಗಡಿಬಿಡಿಯಲ್ಲಿ ಹೊಸದು ಫೋನಿಗೆ ಏರಿಯೇ ಇರಲಿಲ್ಲ.

ಅವಳ ಹೆಬ್ಬೆರಳು ಫೋನಿನ ಮೇಲಂಚಿನಿಂದ ಅಳೆಯುತ್ತ ಇಳಿದು, ಮಗಳ ಬಟನ್ನಿನ ಮೇಲೆ ನಿಂತಿತು. ಎಳೆ ಎಣಿಸಿದ ಬೆರಳು.

ಯಾವಾಗಿನಿಂದ ಕಾಣುತ್ತಿಲ್ಲ ಎಂದು ಕೇಳಲಿಲ್ಲ. ಲ್ಯಾಪ್‌ಟಾಪ್ ತೆಗೆದು ಕೂತೆ. ಬೆರಳು ತಾಗಿದರೆ ಮೊದಲ ಬಟನ್ನು ಒಮ್ಮೆ ನಡುಗಬೇಕು, ಎರಡನೆಯದು ಎರಡು ಸಲ, ಹಾಗೆ ಮಾಡಿದೆ. ಈ ಸಲ ನವಿಲು ಬಣ್ಣವೂ ಏರಿತು. "ಇದು ಈಗಿನ ಫ್ಯಾಶನ್ ಅಕ್ಕಾ" ಎಂದು ಕೊಟ್ಟೆ.

ಮುಟ್ಟಿ ನೋಡಿದಳು. ಮತ್ತೊಮ್ಮೆ ಮುಟ್ಟಿದಳು.

"ಗೊತ್ತಾತೇನು ನಿನಗ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಹೇಳಿದ್ರ ನೀ ಊಟಾ ಬಿಟ್ಟು ಕುಂದರ್ತಿ ಅಂತ ಸುಮ್ನಿದ್ದೆ. ಈ ನಡುಗೋದು ಇರ್ಲಿ. ಬಣ್ಣಾ ಹಾಕೋದು ಮಾತ್ರ ಬಿಡಬ್ಯಾಡ."

ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

"ಹ್ಯಾಂಗ ಬಂದೈತಿ, ಹೇಳು."

ಅಂಚಿನಿಂದ ಶುರು ಮಾಡಿದೆ.