ಕಡ್ಡಿಪೆಟ್ಟಿಗೆ ಇಟ್ಟವರು ಯಾರು

ನಾಗಪುರದ ಬಜಾಜ್ ನಗರದ ಆ ಮನೆಯ ಬಾಗಿಲು ತೆರೆದಾಗ ಗೌರಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಗುರುತು ಹಿಡಿದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆ. ಕೂಲರಿನ ಮುಂದೆ ಕುರ್ಚಿಯಲ್ಲಿ ಕುಳಿತಿದ್ದ ಮುದುಕ ಕತ್ತೆತ್ತಿ ಅವಳನ್ನು ನೋಡಿದ. ಗೋಡೆಯನ್ನೋ ಕಿಟಕಿಯನ್ನೋ ನೋಡಿದ ಹಾಗೆ ನೋಡುತ್ತಲೇ ಇದ್ದ.

"ಬಾಬಾ, ಇವರು ಗೌರಮ್ಮ ಕಾಕು," ಎಂದಳು ಅವನ ಮಗಳು ಗೌತಮಿ. "ಆಜ್‌ಪಾಸೂನ್, ಇವತ್ತಿನಿಂದ, ನಿಮ್ಮ ಜೊತಿ ಇರ್ತಾರ."

"ಬರ್ರಿ ತಾಯಿ, ಕೂಡ್ರಿ," ಎಂದ ಮುದುಕ. "ಚಹಾ ತಗೋತೀರೇನು?"

ಗೌರಮ್ಮನ ಹೆದರಿಕೆ ಇಳಿಯಿತು. ಅದು ಇಳಿದ ಜಾಗದಲ್ಲಿ ಸಿಟ್ಟು ಬಂದು ಕುಳಿತಿತು. ತನ್ನ ಸಂಸಾರ ಸುಟ್ಟ ಮನುಷ್ಯ ತನ್ನನ್ನೇ ಚಹಾ ಕೇಳುತ್ತಾನೆ, ಅದೂ ಇಷ್ಟು ಮರ್ಯಾದೆಯಿಂದ!

ಮುದುಕನ ಹೆಸರು ಲಕ್ಷ್ಮೀಕಾಂತ. ವರ್ಷದಿಂದ ಈಚೆಗೆ ಅವನ ನೆನಪು ಒಂದೊಂದಾಗಿ ಉದುರುತ್ತಾ ಬಂದಿತ್ತು. ಮೊದಲು ನಿನ್ನೆ ಮೊನ್ನೆಯದು ಹೋಯಿತು, ಆಮೇಲೆ ಸತ್ತ ಹೆಂಡತಿ ಹೋದಳು, ಆಮೇಲೆ ಹಿಂದಿಯೂ ಮರಾಠಿಯೂ ಹೋದವು. ಉಳಿದದ್ದು ಹುಟ್ಟಿದೂರಿನ ಕನ್ನಡ ಒಂದೇ. ಗೌತಮಿ ನಾಗಪುರದಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಅಪ್ಪ ನೀರು ಕೇಳಿದರೆ ತಿಳಿಯುತ್ತಿತ್ತು, ಅದಕ್ಕಿಂತ ಹೆಚ್ಚು ಮಾತಾಡಿದರೆ ಪೆಚ್ಚಾಗಿ ನಿಲ್ಲುತ್ತಿದ್ದಳು. ಕನ್ನಡ ಸಂಘದ ಯುಗಾದಿ ಊಟದ ದಿನ ಬಂದು, ಅಪ್ಪನ ಹೆಸರು ಹೇಳಿ, ಅವರನ್ನು ನೋಡಿಕೊಳ್ಳಲು ಕನ್ನಡ ಬಲ್ಲ ಹೆಂಗಸೊಬ್ಬಳು ಬೇಕಾಗಿದ್ದಾಳೆ ಎಂದಳು. ಒಳಗೆ ಹೋಳಿಗೆ ಬೇಯಿಸುತ್ತಿದ್ದ ಗೌರಮ್ಮ ಆ ಹೆಸರು ಕೇಳಿ, ಸಟ್ಟುಗ ಕೆಳಗಿಟ್ಟು ಹೊರಗೆ ಬಂದು, "ನಾ ಬರ್ತೀನಿ," ಎಂದುಬಿಟ್ಟಳು.

ಗೌರಮ್ಮ ಅಣ್ಣಿಗೇರಿ ಕಡೆಯ ಹೆಣ್ಣು. ಹತ್ತಿ ಸೀಮೆಯಲ್ಲಿ ಹುಟ್ಟಿ, ಹತ್ತಿ ಬಿಡಿಸುವ ಜಿನ್ನಿನ ಫಿಟ್ಟರನ ಕೈ ಹಿಡಿದು, ಗಂಡನ ಹಿಂದೆ ನಾಗಪುರಕ್ಕೆ ಬಂದವಳು. ಆಗ ಊರ ಅಂಚಿನ ಕಳಮನಾದ ಆಚೆಗೆ ಒಂದು ಜಿನ್ನಿಂಗ್ ಮಿಲ್ಲು ಇತ್ತು. ಈಗ ಅಲ್ಲಿ ಗೋದಾಮುಗಳಿವೆ, ಮಿಲ್ಲಿನ ಹೆಸರು ಕೂಡ ಯಾರಿಗೂ ಗೊತ್ತಿಲ್ಲ. ಗೌರಮ್ಮನ ಗಂಡ ಅಲ್ಲಿ ಫಿಟ್ಟರು, ಲಕ್ಷ್ಮೀಕಾಂತ ಹತ್ತಿ ಒತ್ತುವ ಪ್ರೆಸ್ಸಿನ ಸೂಪರ್‌ವೈಜರು. ಇಡೀ ಮಿಲ್ಲಿಗೆ ಅವರಿಬ್ಬರೇ ಕನ್ನಡದವರು. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಒಂದೇ ಬುತ್ತಿಚೀಲದಿಂದ ಇಬ್ಬರೂ ಉಣ್ಣುತ್ತಿದ್ದರು. ಸೋಮವಾರ ಗಂಡನಿಗೆ ಒಪ್ಪತ್ತು, ಹಗಲು ಏನೂ ತಿನ್ನುತ್ತಿರಲಿಲ್ಲ. ಆದರೂ ಲಕ್ಷ್ಮೀಕಾಂತ ಸಾಹೇಬರಿಗೆ ಅಂತ ಗೌರಮ್ಮ ರೊಟ್ಟಿ ಬಡಿದು ಕಟ್ಟಿ ಕಳಿಸುತ್ತಿದ್ದಳು.

ಅಂಥದೇ ಒಂದು ಸೋಮವಾರ ಮಿಲ್ಲಿಗೆ ಬೆಂಕಿ ಬಿತ್ತು. ಹಮಾಲನೊಬ್ಬ ಒಳಗೇ ಸುಟ್ಟುಹೋದ. ಜಿನ್ನಿನೊಳಗೆ ಬೀಡಿ, ಕಡ್ಡಿಪೆಟ್ಟಿಗೆ ಒಯ್ಯುವುದು ಅಂದರೆ ಕೊಲೆಗೆ ಸಮ. ಎಲ್ಲರನ್ನೂ ಗೇಟಿನಲ್ಲಿ ನಿಲ್ಲಿಸಿ, ಮೈ, ಚೀಲ ತಡಕಿ ಝಡತಿ ಮಾಡಿದಾಗ ಕಡ್ಡಿಪೆಟ್ಟಿಗೆ ಸಿಕ್ಕಿದ್ದು ಗೌರಮ್ಮನ ಗಂಡನ ಬುತ್ತಿಚೀಲದಲ್ಲಿ. ಅವನು ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ. ಗೌರಮ್ಮ ಮ್ಯಾನೇಜರನ ಮುಂದೆ ನಿಂತು, "ಸೋಮವಾರ ನಮ್ಮವರು ಉಣ್ಣಂಗಿಲ್ರಿ. ಡಬ್ಬಿ ಖಾಲಿ ಐತಿ. ರೊಟ್ಟಿ ತಿಂದವರು ಯಾರು ಕೇಳ್ರಿ, ಚೀಲದಾಗ ಕೈ ಹಾಕಿದವರು ಅವರ," ಎಂದಳು. ಮ್ಯಾನೇಜರ ನಕ್ಕ. ರೊಟ್ಟಿಯನ್ನು ಸಾಕ್ಷಿಗೆ ಕರೀತೀಯೇನು ಬಾಯಿ ಎಂದ. ಪಕ್ಕದಲ್ಲಿ ನಿಂತ ಲಕ್ಷ್ಮೀಕಾಂತ ನೆಲ ನೋಡುತ್ತ, "ನಾ ಅವತ್ತು ಊಟನ ಮಾಡಿಲ್ಲ," ಎಂದ.

ಗಂಡ ಕೆಲಸ ಕಳೆದುಕೊಂಡ, ಜೈಲು ಕಂಡು ಬಂದ. ಬಂದವನು ಮಾತು ಬಿಟ್ಟ, ಊಟ ಬಿಟ್ಟ, ಮುಂದಿನ ಹೋಳಿಯ ಹೊತ್ತಿಗೆ ಜೀವವನ್ನೇ ಬಿಟ್ಟ. ಗೌರಮ್ಮ ಕಳಮನಾ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಮುರಿದು ಬದುಕಿದಳು. ಆ ಕೈಯಿಂದ ಕಣ್ಣೊರೆಸಿಕೊಳ್ಳುವ ಹಾಗಿಲ್ಲ. ಆದ್ದರಿಂದ ಅಳುವುದನ್ನು ಕೂಡ ಕೈಬಿಟ್ಟಿದ್ದಳು.

ಈಗ ಅವಳಿಗೆ ಬೇಕಾಗಿದ್ದದ್ದು "ನಾ ಇಟ್ಟೆ" ಎಂಬ ಎರಡು ಮಾತು, ಇವನ ಬಾಯಿಂದ, ಇವನ ಮಗಳ ಎದುರಿಗೆ. ಮುದುಕನ ತಲೆ ಪೂರ್ತಿ ಕತ್ತಲಾಗುವ ಮೊದಲು.

ತಾನೇ ಹೇಳಿಕೊಟ್ಟರೆ ಅದು ಬರುತ್ತಿರಲಿಲ್ಲ ಎಂದಲ್ಲ. ಮುದುಕ ಏನು ಹೇಳಿದರೂ ಹೂಂ ಎನ್ನುತ್ತಿದ್ದ. ಇವತ್ತು ದೀಪಾವಳಿ ಎಂದರೆ ಹೂಂ, ನೀವು ರಾಜರು ಎಂದರೆ ಹೂಂ. ಅಂಥ ಹೂಂ ಅವಳಿಗೆ ಬೇಡ. ಅವನ ಹೊಟ್ಟೆಯೊಳಗಿಂದ ತಾನಾಗಿ ಬರಬೇಕು. ಅದಕ್ಕೆ ನಡೆದದ್ದನ್ನೆಲ್ಲ ಕಥೆ ಮಾಡಿ ಹೇಳುವುದು, ಕಡ್ಡಿಪೆಟ್ಟಿಗೆ ಇಟ್ಟವನ ಹೆಸರು ಮಾತ್ರ ಬಿಡುವುದು ಎಂದು ಲೆಕ್ಕ ಹಾಕಿದಳು. ಇನ್ನು ಗಂಡನ ಹೆಸರು. ಅದನ್ನು ಅವಳು ಜನ್ಮದಲ್ಲೇ ಬಾಯಿಂದ ಆಡಿದವಳಲ್ಲ. ಅವಳ ಕಡೆ ಹೆಂಗಸರು ಆಡುವುದಿಲ್ಲ. ರೇಶನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಹೀಗಾಗಿ ಅವಳ ಕಥೆಯಲ್ಲಿ ಗಂಡಸರು ಇಬ್ಬರು, ಇಬ್ಬರಿಗೂ ಹೆಸರಿಲ್ಲ. ಅದರಿಂದ ಏನಾದೀತು ಎಂದು ಅವಳು ಯೋಚಿಸಲಿಲ್ಲ.

ನಾಗಪುರದ ಮೇ ತಿಂಗಳು. ಗೌತಮಿ ಬ್ಯಾಂಕಿಗೆ ಹೋದ ಮೇಲೆ ಪರದೆ ಎಳೆದು ಕೂಲರು ಹಚ್ಚಿದರೆ ಮನೆಯೊಳಗೆ ಲಾವಂಚದ ವಾಸನೆ, ಮಬ್ಬು ಬೆಳಕು. ಹೊರಗೆ ರಸ್ತೆಯಲ್ಲಿ ನಾಯಿ ಕೂಡ ಇಲ್ಲ. ಮುದುಕನ ಮುಂದೆ ಬೆಳ್ಳುಳ್ಳಿ ಸುಲಿಯಲು ಇಟ್ಟು ಗೌರಮ್ಮ ಮೆಲ್ಲಗೆ ಶುರು ಮಾಡುತ್ತಿದ್ದಳು.

"ಒಂದು ಜಿನ್ ಇತ್ರಿ."

"ಹತ್ತಿ ಜಿನ್ನೇನು?"

"ಹೌದ್ರಿ. ಅಲ್ಲಿ ಇಬ್ಬರು ಗೆಣಿಕಾರ್ರು. ಒಂದ ಗಿಡದ ಕೆಳಗ ಉಣ್ಣವರು."

ಬೆಂಕಿ ಬಿದ್ದದ್ದು, ಝಡತಿ, ಚೀಲ, ಜೈಲು, ಎಲ್ಲ ಹೇಳಿ ಕೊನೆಗೆ ಕೇಳುತ್ತಿದ್ದಳು. "ಆ ಕಡ್ಡಿಪೆಟ್ಟಿಗಿ ಯಾರು ಇಟ್ರು ಹೇಳ್ರಿ?"

ಮುದುಕ ಮಗುವಿನ ಹಾಗೆ ಕಣ್ಣರಳಿಸಿದ. "ಯಾರು ಇಟ್ರು? ಪಾಪ, ಅವನ ಹೆಂಡತಿ ಏನಾದಳು?"

"ಮೆಣಸಿನಕಾಯಿ ತೊಟ್ಟು ಮುರದ್ಲು."

"ಛೇ ಛೇ. ಇಟ್ಟವನ ಕೈ ಸೆಟದು ಹೋಗ್ಲಿ," ಎಂದ ಮುದುಕ, ಅದೇ ಕೈಯಿಂದ ಬೆಳ್ಳುಳ್ಳಿ ಸುಲಿಯುತ್ತ.

ಗೌರಮ್ಮನಿಗೆ ಮೈ ಜುಮ್ಮೆಂದಿತು. ಒಳಗೆಲ್ಲೋ ಸಣ್ಣಗೆ ತಂಪೂ ಆಯಿತು. ತನಗೆ ತಾನೇ ಶಾಪ ಹಾಕಿಕೊಳ್ಳುತ್ತಾನೆ, ಮರುದಿನ ಅದನ್ನೂ ಮರೆಯುತ್ತಾನೆ. ಮರುದಿನ ಅವಳು ಮತ್ತೆ ಮೊದಲಿನಿಂದ ಹೇಳಿದಳು. ಅದರ ಮರುದಿನ ಮತ್ತೆ.

"ಕಾಕು, ಬಾಬಾ ಎಷ್ಟು ಖುಷ್ ಇದಾರ!" ಎಂದಳು ಗೌತಮಿ ಒಂದು ಸಂಜೆ. "ನೀವು ಬಂದ ಮ್ಯಾಲೆ ಚಿಡ್‌ಚಿಡ್ ಇಲ್ಲ. ಏನ್ ಗೋಷ್ಟಿ ಸಾಂಗ್ತೀರಿ ಅವರಿಗೆ?"

"ಹಳೀ ಕತಿ, ಮಗಳ."

"ನನಗೂ ಹೇಳಿ ನಾ. ಆದ್ರ ನಿಮ್ಮ ಕನ್ನಡ ಲೈ ಭಾರೀ, ನನಗ ಅರ್ಧಾ ತಿಳೀತ ನಾಹಿ."

"ಹೇಳ್ತೀನಿ, ತಡಿ. ಇನ್ನಾ ಮುಗದಿಲ್ಲ ಅದು."

ಕೆಲವು ದಿನ ಕಳೆದ ಮೇಲೆ ಮುದುಕನ ಬಾಯಿಂದ ಅವಳು ಹೇಳಿಯೇ ಇಲ್ಲದ ಮಾತು ಬರತೊಡಗಿದವು. "ಬೆಂಕಿ ಬಿತ್ತು," ಎಂದು ಅವಳು ಅಂದರೆ, "ಮೊದಲು ಬೆಂಕಿ ಕಾಣಲಿಲ್ಲ," ಎಂದು ತಿದ್ದಿದ. "ಒತ್ತಿದ ಹತ್ತಿ ಹೊರಗ ಉರಿಯಂಗಿಲ್ಲ. ಗಂಟಿನ ಒಳಗ ಕುಂತು ಉರೀತದ. ಮುಟ್ಟಿದ್ರ ಬೆಚ್ಚಗ ಹತ್ತತದ, ಅಷ್ಟ." ಇನ್ನೊಂದು ದಿನ, "ರೊಟ್ಟಿ ಜೋಡಿ ಅಗಸಿ ಹಿಂಡಿ ಇತ್ತು," ಎಂದ. ಆ ಅಗಸೆ ಚಟ್ನಿಪುಡಿಯ ಮಾತನ್ನು ಗೌರಮ್ಮ ಎಂದೂ ಹೇಳಿರಲಿಲ್ಲ. ಬರುತ್ತಿದೆ, ಒಳಗಿನಿಂದ ಬರುತ್ತಿದೆ. ಇನ್ನೊಂದಿಷ್ಟು ದಿನ ಸಾಕು.

ಆದರೆ ಬೇರೆ ಏನೋ ಕೂಡ ಬರುತ್ತಿತ್ತು.

ಸೋಮವಾರ ಅವನು ತಾಟು ಹಿಂದಕ್ಕೆ ಸರಿಸಿದ. "ಇವತ್ತು ನಂಗ ಒಪ್ಪತ್ತಲ್ಲೇನು?" ಎಂದ. ಗೌತಮಿ ನಕ್ಕಳು. "ಬಾಬಾ ಮತ್ತ ಉಪವಾಸ? ಏಕಾದಶಿಗೂ ಕಾಂದಾಭಜಿ ತಿನ್ನೋ ಮಾಣೂಸ್!" ಕಥೆಯಲ್ಲಿ ಒಪ್ಪತ್ತಿನ ಮಾತು ಬರುತ್ತದಲ್ಲ, ಅದೇ ತಲೆಯಲ್ಲಿ ಉಳಿದಿರಬೇಕು ಎಂದು ಗೌರಮ್ಮ ಸಮಾಧಾನ ಮಾಡಿಕೊಂಡಳು. ಆಮೇಲೆ ನೋಡಿದರೆ ಅವನು ಯೋಚನೆ ಮಾಡುವಾಗ ಕಿವಿಯ ಹಾಲೆಯನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. ಅದು ಅವಳ ಗಂಡನ ಚಾಳಿ. ದಿನವೂ ಎದುರಿಗೆ ಕುಳಿತು ಉಂಡವನು, ಎಂದೋ ನೋಡಿದ್ದು ಖಾಲಿ ತಲೆಯಲ್ಲಿ ಮೇಲೆ ತೇಲಿ ಬಂದಿರಬೇಕು. 'ಅದ' ಎನ್ನುತ್ತಿದ್ದವನು ಮೆಲ್ಲಗೆ ಅವಳಂತೆ 'ಐತಿ' ಎನ್ನತೊಡಗಿದ.

ಒಂದು ಮಧ್ಯಾಹ್ನ ಅವಳು ಒಳಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಾಗ ಹಾಲಿನಿಂದ ಕರೆದ.

"ಗೌರಾ, ನೀರು ತಾ."

ಈಳಿಗೆಯ ಮೇಲೆ ಅವಳ ಕೈ ನಿಂತುಹೋಯಿತು. ಗೌತಮಿ ಗೌರಮ್ಮ ಕಾಕು ಅನ್ನುವುದನ್ನು ಕೇಳಿ ಕರೆದಿರಬಹುದು. ಆದರೆ ಆ ಕರೆ ಬಂದ ಧಾಟಿ! ಕೊನೆಯ ಅಕ್ಷರ ಸ್ವಲ್ಪ ಎಳೆದು, ಅರ್ಧ ಹುಕುಂ, ಅರ್ಧ ಸಲಿಗೆ. ನಲವತ್ತು ವರ್ಷದಿಂದ ಅವಳನ್ನು ಹಾಗೆ ಕರೆದವರಿಲ್ಲ. ನೀರು ಒಯ್ದು ಕೊಡುವಾಗ ಅವಳು ಅವನ ಮುಖ ನೋಡಲಿಲ್ಲ.

ಇನ್ನು ತಡ ಮಾಡಬಾರದು ಅನ್ನಿಸಿತು. ಭಾನುವಾರ ಗೌತಮಿಯನ್ನು ಎದುರಿಗೆ ಕೂರಿಸಿಕೊಂಡಳು. ಅವಳಿಗೆ ತಿಳಿಯಲೆಂದು ತನಗೆ ಬಂದ ಹರಕು ಮರಾಠಿಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಕಥೆ ಹೇಳಿದಳು. ಗೌತಮಿ ಮೊದಲು ನಗುತ್ತಿದ್ದವಳು, ಹಮಾಲ ಸುಟ್ಟ ಮಾತು ಬಂದಾಗ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ಬಾಬಾ ಇದ್ದ ಮಿಲ್ಲೇ ಏನು ಇದು?" ಎಂದಳು. ಗೌರಮ್ಮ ಮುದುಕನ ಕಡೆ ತಿರುಗಿದಳು.

"ಹೇಳ್ರಿ ಈಗ. ಕಡ್ಡಿಪೆಟ್ಟಿಗಿ ಯಾರು ಇಟ್ರು?"

ಮುದುಕನ ಕಣ್ಣಲ್ಲಿ ನೀರು ತುಂಬಿತು. "ನನ್ನ ಕೇಳ್ತಿಯಲ್ಲ ಗೌರಾ! ನನ್ನ ಚೀಲದಾಗ ಇಟ್ಟು ನನ್ನ ಬಾಳೇ ಹಾಳು ಮಾಡಿದ್ರು. ನಾ ಜೈಲು ಕಂಡೆ. ನಿನ್ನ ಕೈ ಮೆಣಸಿನಕಾಯಿಲೆ ಸುಟ್ಟವು. ಮತ್ತ ನನ್ನ ಕೇಳ್ತಿಯಲ್ಲ!"

ಗೌರಮ್ಮ ಎದ್ದು ನಿಂತಳು. ಇಷ್ಟು ದಿನ ತಾನು ಯಾರ ಬಾಳನ್ನು ಯಾರ ತಲೆಯೊಳಗೆ ಸುರಿಯುತ್ತ ಬಂದೆ ಎಂಬುದು ಆಗ ಹೊಳೆಯಿತು.

"ನಿಮ್ಮ ಚೀಲ ಅಲ್ಲ ಅದು!" ಎಂದು ಚೀರಿದಳು. "ನೀವು ಲಕ್ಷ್ಮೀಕಾಂತ! ಚೀಲ ಗುಂಡಪ್ಪಂದು! ನನ್ನ ಗಂಡ ಗುಂಡಪ್ಪಂದು!"

ಹುಟ್ಟಿ ಮೊದಲ ಸಲ ಆಡಿದ ಹೆಸರು. ನಾಲಿಗೆ ಕಚ್ಚಿಕೊಂಡಳು.

ಮುದುಕನ ಮುಖ ನಿಧಾನವಾಗಿ ಅರಳಿತು. "ಹೂಂ, ನಂದ," ಎಂದ. "ಒಂದು ಸಲನಾದ್ರೂ ಹೆಸರು ಹಿಡಿದು ಕರದ್ಯಲ್ಲ, ಪುಣ್ಯಾತಗಿತ್ತಿ." ಕಣ್ಣೊರೆಸಿಕೊಳ್ಳುತ್ತ, ಮುಖ ತೊಳೆಯಲು ಎದ್ದು ವಾಶ್‌ಬೇಸಿನ್ನಿನ ಕಡೆ ಹೋದ.

ಅಲ್ಲಿಂದ ಕೂಗು ಬಂತು. ಇಬ್ಬರೂ ಓಡಿದರು. ಮುದುಕ ಬೇಸಿನ್ನಿನ ಮೇಲಿನ ಕನ್ನಡಿಗೆ ಬೆರಳು ತೋರಿಸುತ್ತ ನಿಂತಿದ್ದ. ಕನ್ನಡಿಯೊಳಗಿನ ಲಕ್ಷ್ಮೀಕಾಂತನೂ ಅವನಿಗೆ ಬೆರಳು ತೋರಿಸುತ್ತಿದ್ದ.

"ಇವನ! ಇಲ್ಲೇ ಬಂದು ನಿಂತಾನ ನೋಡು!" ಎಂದ. "ಪ್ರೆಸ್ಸಿನ ಹಿಂದ ಬೀಡಿ ಹಚ್ಚಿದಾವ ಇವನ. ಕಡ್ಡಿ ನೆಲಕ್ಕ ಒಗದು ಚಪ್ಪಲಿಲೆ ತಿಕ್ಕಿದಾ. ಆರಿತು ಅಂದ್ಕೊಂಡಾ. ಊಟಕ್ಕ ಬಂದು ಕುಂತಾ. ಹೊಗಿ ಎದ್ದದ್ದು ಕಂಡ ಕೂಡ್ಲೆ ಕಡ್ಡಿಪೆಟ್ಟಿಗಿ ಚೀಲದಾಗ ಜಾರಿಸಿದಾ. ಎಡಗೈಲೆ ಜಾರಿಸಿದಾ ಗೌರಾ, ಬಲಗೈಯಾಗ ನೀ ಬಡದ ರೊಟ್ಟಿ ಇತ್ತು!"

ಎಡಗೈ, ಬಲಗೈ. ಮಾಡಿದವನ ಹೊರತು ಇನ್ನಾರಿಗೂ ಗೊತ್ತಿರಲಾರದ ಮಾತು. ಗೌತಮಿಯ ಮುಖ ಬಿಳಿಚಿಕೊಂಡಿತ್ತು. ಅಷ್ಟು ಕನ್ನಡ ಅವಳಿಗೂ ತಿಳಿದಿತ್ತು.

"ಕಾಕು," ಎಂದಳು ಪಿಸುಮಾತಿನಲ್ಲಿ. "ತೇ... ಅದು ಬಾಬಾನೇ ಅಲ್ಲಾ?"

ಮುದುಕ ಬೇಸಿನ್ನಿನ ಪಕ್ಕದಲ್ಲಿದ್ದ ಹಿತ್ತಾಳೆ ತಂಬಿಗೆ ಎತ್ತಿ ಹಿಡಿದಿದ್ದ. "ಹೊಡೀಲೇನು? ನೀ ಹೇಳು. ನಿನ್ನ ಸಲುವಾಗಿ ಹೊಡೀತೀನಿ."

"ಕಾಕು, ಸಾಂಗಾ ನಾ ತ್ಯಾಂನಾ!" ಗೌತಮಿ ಅಳುತ್ತಿದ್ದಳು. "ಅದು ಅವರೇ ಅಂತ ಹೇಳಿ!"

ಹೇಳಬಹುದಿತ್ತು. ಇಷ್ಟು ವರ್ಷ ಕಾದದ್ದು ಆ ಒಂದು ಮಾತಿಗೇ. ಆದರೆ ಹೇಳಿದರೆ ಕೇಳುವವನು ಯಾರು? ಕೇಳಿ ತಲೆ ತಗ್ಗಿಸಬೇಕಾದವನು ಕನ್ನಡಿಯೊಳಗಿದ್ದ. ಇಲ್ಲಿ ನಿಂತವನು ತಂಬಿಗೆ ಎತ್ತಿಕೊಂಡು, ಅವಳ ಪರವಾಗಿ, ಅವಳ ಅಪ್ಪಣೆಗೆ ಕಾಯುತ್ತಿದ್ದ.

"ಬಿಡ್ರಿ," ಎಂದಳು ಗೌರಮ್ಮ. "ಅವಗ ಏನೂ ನೆನಪಿಲ್ಲ."

"ನೆನಪಿಲ್ಲ?" ಮುದುಕ ಕನ್ನಡಿಯನ್ನು ಬಹಳ ಹೊತ್ತು ದಿಟ್ಟಿಸಿದ. "ಇಷ್ಟೆಲ್ಲಾ ಮಾಡಿ ಮರತು ಕುಂತಾನ?" ಕನ್ನಡಿಗೆ ಉಗುಳಿದ. ಉಗುಳು ಆ ಮುಖದ ಮೇಲೆ ಇಳಿಯಿತು. ಆಮೇಲೆ ತಂಬಿಗೆ ಕೆಳಗಿಟ್ಟು ಅವಳ ಕಡೆ ತಿರುಗಿದ. "ನನಗ ಎಲ್ಲಾ ನೆನಪೈತಿ."

ಗೌತಮಿ ಹಾಸಿಗೆಯ ಚಾದರ ತಂದು ಕನ್ನಡಿಗೆ ಹೊದಿಸಿದಳು. ಬಂದು ಗೌರಮ್ಮನ ಪಾದ ಹಿಡಿದಳು. "ಮಾಫ್ ಕರಾ, ಕಾಕು."

"ಏಳವ್ವಾ. ನೀ ಆಗ ಹುಟ್ಟಿದ್ದಿಲ್ಲ."

ಮುದುಕ ಮಂಚದ ಮೇಲೆ ಅಡ್ಡಾಗಿ, ಗೌರಮ್ಮನ ಸೆರಗಿನ ತುದಿ ಹಿಡಿದುಕೊಂಡೇ ನಿದ್ದೆ ಹೋದ. ಮನೆಗೆ ಹೋಗೋಣ, ಇನ್ನು ಇಲ್ಲಿ ತನ್ನ ಕೆಲಸ ಮುಗಿಯಿತು ಎಂದು ಅವಳು ಸೆರಗು ಎಳೆದಳು. ಹಿಡಿತ ಬಿಗಿಯಾಗಿತ್ತು. ಸರಿ, ನಿದ್ದೆ ಗಟ್ಟಿಯಾಗಲಿ ಎಂದು ಮಂಚದ ಅಂಚಿಗೆ ಕುಳಿತಳು. ಕುಳಿತು, ಕಣ್ಣು ಮುಚ್ಚಿ, ಗಂಡನನ್ನು ನೆನೆದಳು. ಮಾಡಿದವನ ಬಾಯಿಂದಲೇ ಹೊರಗೆ ಬಂತು ಎಂದು ಅವನಿಗೆ ಹೇಳಬೇಕಿತ್ತು.

ಅವನದೊಂದು ಫೋಟೋ ಇರಲಿಲ್ಲ, ಯಾವತ್ತೂ ಬೇಕಾಗಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಬರುತ್ತಿದ್ದ. ಇವತ್ತು ಹಣೆಯ ವಿಭೂತಿ ಬಂತು. ಮೀಸೆ ಬಂತು. ಎಣ್ಣೆ ಮೆತ್ತಿದ ಕೈ, ಕಿವಿ, ಎಲ್ಲ ಬೇರೆ ಬೇರೆಯಾಗಿ ಬಂದವು. ಅವನ್ನೆಲ್ಲ ಒಂದೆಡೆ ಕೂಡಿಸಿ ತನ್ನ ಕಡೆ ತಿರುಗಿಸಿಕೊಂಡಾಗ, ತಿರುಗಿದ ಮುಖ ಮಂಚದ ಮೇಲೆ ಮಲಗಿದವನದಾಗಿತ್ತು. ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿ ಮತ್ತೊಮ್ಮೆ ನೋಡಿದಳು. ಅದೇ ಮುಖ, ಅವಳನ್ನು ನೋಡಿ ನಗುತ್ತಿತ್ತು.

"ಗೌರಾ," ಎಂದ ಮುದುಕ ನಿದ್ದೆಯಲ್ಲಿ.

"ಏನ್ರೀ," ಎಂದುಬಿಟ್ಟಳು ಗೌರಮ್ಮ, ತನಗೆ ತಿಳಿಯುವ ಮೊದಲೇ.