ಸಣ್ಣಸ್ವಾಮಿಯ ಬಲಗೈ

ಗಂಡನ ಹೆಸರು ಹೇಳಬಾರದು ಅಂತಾರೆ, ಆಯುಸ್ಸು ಕಮ್ಮಿಯಾಗುತ್ತದಂತೆ. ಹೋದವರಿಗೆ ಇನ್ನೇನು ಕಮ್ಮಿಯಾದೀತು? ಸಣ್ಣಸ್ವಾಮಿ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿದವರ ಮನೆಯ ಕಿರಿಮಗ. ಅಣ್ಣಂದಿರ ಜೊತೆ ಆಗಿಬರಲಿಲ್ಲ. ನನ್ನನ್ನು ಕರಕೊಂಡು ಚೆಟ್ಟಳ್ಳಿ ಕಡೆಯ ಎಸ್ಟೇಟಿಗೆ ಬಂದರು. ಆಗ ಕೊಡಗು ತನ್ನದೇ ರಾಜ್ಯ, ಮಡಿಕೇರಿಯಲ್ಲೇ ಸರ್ಕಾರ. ಕೂಲಿಯವರ ಲೈನುಮನೆಯಲ್ಲಿದ್ದ ನಮಗೆ ಹಾಜರಿ ಬರೆದು ಕೆಲಸ ಹಂಚುವ ರೈಟರೇ ಸರ್ಕಾರ.

ಅವರ ಕೆಲಸ ಮರಗಸಿ. ಕಾಫಿಗೆ ನೆರಳು ಹೆಚ್ಚಾಗದ ಹಾಗೆ ದೊಡ್ಡ ಮರ ಹತ್ತಿ ಕೊಂಬೆ ಕಡಿಯೋದು. ಕೆಳಗಿನ ಗಿಡ ಮುರಿಯದ ಹಾಗೆ ಕೊಂಬೆ ಇಳಿಸಬೇಕು. ಒಳ್ಳೆ ಕೆಲಸಗಾರರು. ಬಾಯಿ ಕೆಟ್ಟದ್ದು. ನನಗೆ ಹೊಡೆದದ್ದೂ ಉಂಟು. ಸತ್ತರು ಅಂತ ನಾನು ದೇವರು ಮಾಡಿ ಕೂರಿಸೋದಿಲ್ಲ.

ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ ಗೋಣಿಮರದಲ್ಲಿ ಅವರ ಕಾಲಡಿಯ ಕೊಂಬೆ ಮುರಿಯಿತು. ಬಲಗೈ ಒಂದರಲ್ಲೇ ನೇತಾಡಿದರು. ಜೊತೆಯಲ್ಲಿ ಮರ ಹತ್ತುತ್ತಿದ್ದ ಬೆಳ್ಯಪ್ಪ ಏಣಿ ತಂದು ಇಳಿಸಿದ. ಹೆಗಲೊಳಗೆ ಹಸಿನಾರು ಕಿತ್ತ ಹಾಗಾಯಿತು ಅಂದರು. ಆಮೇಲೆ ಕೈ ಏಳಲಿಲ್ಲ. ಆದರೆ ಎಡಗೈಯಲ್ಲಿ ಹಿಡಿದು ಸ್ವಲ್ಪ ಎತ್ತಿಕೊಟ್ಟರೆ ಅಲ್ಲಿಂದ ಮೇಲೆ ತಾನೇ ಹೋಗುತ್ತಿತ್ತು. ಎಣ್ಣೆ ಉಜ್ಜಿದೆ, ಬಿಸಿ ಉಪ್ಪು ಕಟ್ಟಿದೆ. ಆಗಲಿಲ್ಲ.

ಮಡಿಕೇರಿಗೆ ಹೋದೆವು. ಡಾಕ್ಟರು ಅವರ ಅಂಗಿ ಬಿಚ್ಚಿಸಿ ಬೆನ್ನಿನ ರೆಕ್ಕೆಮೂಳೆ ಒತ್ತಿ ನೋಡಿ, ನನ್ನನ್ನೂ ಹತ್ತಿರ ಕರೆದರು.

"ನೋಡಮ್ಮ, ತೋಳಿನ ಮೂಳೆಯ ಗುಂಡು ತಲೆ ಇಲ್ಲಿ ಕೂತಿರುತ್ತೆ. ಅದು ಕೂತ ಗುಳಿ ಬರೀ ತಟ್ಟೆಯಷ್ಟು ಆಳ. ಅದಕ್ಕೇ ಕೈ ಎಲ್ಲಾ ಕಡೆ ತಿರುಗುತ್ತೆ, ಅದಕ್ಕೇ ಬೇಗ ಕೆಡುತ್ತೆ. ಜಾರದ ಹಾಗೆ ನಾಲ್ಕು ಸಣ್ಣ ಮಾಂಸಖಂಡ ಸುತ್ತ ಹಿಡಕೊಂಡಿರ್ತವೆ. ಮೇಲೆ ಟೊಪ್ಪಿ ಹಾಗಿರೋ ದೊಡ್ಡದು ಕೈ ಎತ್ತುತ್ತೆ. ಆದರೆ ಮೊದಲು ಎಬ್ಬಿಸಿ ಕೊಡೋದು ರೆಕ್ಕೆಮೂಳೆ ಮೇಲಿನ ಸಣ್ಣದು. ನಿಮ್ಮ ಯಜಮಾನರಿಗೆ ಅದೇ ಹರಿದಿದೆ."

ಗುಂಡಿಗೆ ಬಿದ್ದ ಗಾಡಿ ಅಂದುಕೊಂಡೆ. ತಳ್ಳಿಕೊಟ್ಟರೆ ಎತ್ತು ಎಳೆಯುತ್ತೆ. ತಳ್ಳೋನು ಸತ್ತಿದ್ದಾನೆ.

"ಮರ ಹತ್ತಬಹುದಾ ಸ್ವಾಮಿ?" ಅಂದರು ಇವರು.

"ಮೈ ಮೇಲಕ್ಕೆ ಎಳಕೊಳ್ಳೋದು ಎದೆ ಬೆನ್ನಿನ ಖಂಡ. ಅವು ಗಟ್ಟಿ ಇವೆ, ಹತ್ತಿಬಿಡ್ತೀಯ. ಮೇಲೆ ಹೋಗಿ ಏನು ಮಾಡ್ತೀಯ? ಹತ್ತಬೇಡ."

ಎಸ್ಟೇಟಿನಲ್ಲಿ ಬೆಳಗ್ಗೆ ಹಾಜರಿ. ಹೆಸರು ಕರೆದರೆ ಕೈ ಎತ್ತಬೇಕು. ಇವರು ಎಡಗೈ ಎತ್ತಿದರು. ರೈಟರ್ ಶಿವಶಂಕರಪ್ಪನಿಗೆ ಸಿಟ್ಟು ಬಂತು.

"ಎಡಗೈ ತೋರಿಸ್ತೀಯೇನೋ ನನಗೆ?"

ಇವರು ಎಡಗೈಯಲ್ಲಿ ಬಲಗೈ ಹಿಡಿದು ಎತ್ತಿದರು. ಸಾಲಿನಲ್ಲಿದ್ದವರು ನಕ್ಕರು. "ಸಣ್ಣಸ್ವಾಮಿ ಕೈಗೂ ಆಳು ಇಟ್ಟಿದ್ದಾನೆ ಕಣ್ರೋ" ಅಂದ ಒಬ್ಬ. ರೈಟರು ಬಂದು, ಆ ಕೈಯನ್ನು ನೆಟ್ಟಗೆ ತಲೆ ಮೇಲಕ್ಕೆ ಒಯ್ದು ಬಿಟ್ಟ. ಕೈ ನಿಂತಿತು.

"ನಿಂತಿತಲ್ಲ! ಇದು ಹರಿದ ಕೈಯಾ? ಮೈಗಳ್ಳ."

ನಾನು ಮುಂದೆ ಹೋಗಿ ಡಾಕ್ಟರು ಹೇಳಿದ್ದು ಹೇಳಿದೆ. ಕಳೆ ಕೀಳೋಕೆ ಹಾಕಿ ಸ್ವಾಮಿ, ಮರಕ್ಕೆ ಬೇಡ ಅಂದೆ.

"ನೀನು ಯಾವಾಗ ಡಾಕ್ಟರಾದೆ ನಿಂಗಮ್ಮ? ನನ್ನ ಹೆಂಡತಿಗೆ ಮಂಡಿನೋವು, ಬಂದು ನೋಡ್ತೀಯಾ?"

ಮತ್ತೆ ನಗು. ಇವರು ನನ್ನ ಕಡೆ ತಿರುಗಿದರು. "ನಡಿಯೇ ಆಚೆ. ಹೆಂಗಸರ ಜೊತೆ ಕಳೆ ಕೀಳ್ತೀನಾ ನಾನು?" ಅಂದು ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ರೈಟರು ಕಳಿಸಿದ, ಇವರು ಹೋದರು. ಇಬ್ಬರಿಗೂ ಮಾನವೇ ದೊಡ್ಡದಾಯಿತು. ಕೈ ಚಿಕ್ಕದು.

ಬೆಳ್ಯಪ್ಪ ಪಕ್ಕದ ಮರದಲ್ಲಿದ್ದ. ನಡೆದದ್ದನ್ನು ಅವನೇ ನನಗೆ ಹೇಳಿದ, ಅಳುತ್ತಾ ಹೇಳಿದ. ಹತ್ತುವಾಗ ಏನೂ ಆಗಲಿಲ್ಲವಂತೆ. ಮೇಲೆ ಕವಲಿನಲ್ಲಿ ನಿಂತು ಎಡಗೈಯಲ್ಲಿ ಕೊಂಬೆ ಹಿಡಿದರಂತೆ, ಬಲಗೈಯಲ್ಲಿ ಕತ್ತಿ. ಬೀಸಬೇಕು, ಕೈ ಏಳಲಿಲ್ಲ. ಇಷ್ಟು ದಿನದ ಅಭ್ಯಾಸ. ಎಡಗೈ ಕೊಂಬೆ ಬಿಟ್ಟು ಬಲಗೈ ಹಿಡಿಯಿತು.

"ಕೈ ಎದ್ದಿತ್ತು ಅಕ್ಕಾ, ಕತ್ತಿ ಮೇಲಿತ್ತು. ಆದರೆ ಮರ ಹಿಡಿಯೋಕೆ ಕೈಯೇ ಇರಲಿಲ್ಲ."

ಆಸ್ಪತ್ರೆಗೆ ಒಯ್ಯೋಕೆ ಎಸ್ಟೇಟಿನ ಜೀಪು ಬರುವ ಮೊದಲೇ ಹೋಗಿಬಿಟ್ಟಿದ್ದರು.

ಸಂಜೆಯೊಳಗೆ ಲೈನಿನಲ್ಲೆಲ್ಲ ಮಾತು ಹಬ್ಬಿತು. ಸಣ್ಣಸ್ವಾಮಿ ಕುಡಿದು ಹತ್ತಿದ್ದನಂತೆ. ಮಾತು ಎಲ್ಲಿ ಹುಟ್ಟಿತು ಅಂತ ಕೇಳಬೇಕಿರಲಿಲ್ಲ. ಕುಡಿಯುತ್ತಿದ್ದರು, ಸುಳ್ಳಲ್ಲ. ಅವತ್ತು ಬೆಳಗ್ಗೆ ನಾನು ಕಾಸಿದ ಗಂಜಿ ಕುಡಿದಿದ್ದರು, ಅಷ್ಟೆ.

ತಿಥಿಯ ದಿನ ಶಿವಶಂಕರಪ್ಪ ಬಾಳೆಹಣ್ಣು ಹಿಡಿದು ಬಂದ. ಬಾಗಿಲಲ್ಲೇ ನಿಂತು, "ಏನು ಮಾಡೋದು ನಿಂಗಮ್ಮ, ಕುಡೀಬೇಡ ಅಂತ ಎಷ್ಟೋ ಸಲ ಹೇಳಿದ್ದೆ ಅವನಿಗೆ" ಅಂದ.

ಪಕ್ಕದ ಮನೆಯ ಗಂಗೆ ನನ್ನ ಸೆರಗು ಎಳೆದಳು. "ಸುಮ್ಮನಿರಕ್ಕಾ, ಲೈನು ಖಾಲಿ ಮಾಡಿಸ್ತಾರೆ."

ನಾನು ಸುಮ್ಮನಿರಲಿಲ್ಲ. "ಕುಡಿದಿರಲಿಲ್ಲ ರೈಟ್ರೇ. ಕೈ ಏಳುತ್ತಿರಲಿಲ್ಲ. ನಿಮಗೆ ಗೊತ್ತಿತ್ತು, ನಾನು ಹೇಳಿದ್ದೆ. ಬಂದವರೆಲ್ಲರ ಎದುರು ಅಷ್ಟು ಹೇಳಿ, ಆಮೇಲೆ ಒಳಗೆ ಬನ್ನಿ."

ಅವನು ಕೂತಿದ್ದವರನ್ನು ನೋಡಿದ. ಬೆಳ್ಯಪ್ಪ ತಲೆ ಬಗ್ಗಿಸಿದ.

"ದುಃಖದಲ್ಲಿದ್ದೀಯ, ಇರಲಿ" ಅಂದ ರೈಟರು. ಹಣ್ಣು ಜಗಲಿಯ ಮೇಲಿಟ್ಟು ಹೋದ. ನಾನು ಮುಟ್ಟಲಿಲ್ಲ. ಲೈನಿನ ಕೋಳಿಗಳು ಕುಕ್ಕಿ ತಿಂದವು.